ಪಂಪ್ ಕೆಟ್ಟಿಲ್ಲ, ಕೂತ ಜಾಗ ಕೆಟ್ಟಿದೆ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು. ಹನ್ನೊಂದು ವರ್ಷದಿಂದ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿದ್ದೇನೆ. ಮನೆಯ ಗ್ಯಾರೇಜಿನಲ್ಲೇ ಲೋಟಸ್ ಸೆವೆನ್ ಮಾದರಿಯ ಕಿಟ್ ಕಾರ್ ಕಟ್ಟಿದ್ದೇನೆ. ಫೋರ್ಡ್‌ನ ಹಳೆಯ 1600 ಸಿಸಿ ಕ್ರಾಸ್‌ಫ್ಲೋ ಎಂಜಿನ್. ಸರ್ಕಾರಿ ಪರೀಕ್ಷೆ ಪಾಸಾಗಿ ನಂಬರ್ ಕೂಡ ಬಂದಿದೆ. ಈ ಚಳಿಗಾಲದಲ್ಲಿ ಒಂದು ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ತೆಗೆದು ಎರಡು ವೆಬರ್ 40 ಕಾರ್ಬ್ಯುರೇಟರ್ ಹಾಕಿದೆ. ಎಂಜಿನ್ ಪಕ್ಕದ ಹಳೆಯ ಮೆಕ್ಯಾನಿಕಲ್ ಪಂಪ್ ಬದಲು ಎಲೆಕ್ಟ್ರಿಕ್ ಪಂಪ್ ತಂದು, ಎಂಜಿನ್ ಹಿಂದಿನ ತಗಡಿನ ಗೋಡೆಗೆ ಬಿಗಿದೆ. ಮೊದಲ ಕಾಲು ಗಂಟೆ ಚೆನ್ನಾಗಿ ಓಡುತ್ತದೆ. ಟ್ರಾಫಿಕ್‌ನಲ್ಲಿ ನಿಂತರೆ ಮುಗ್ಗರಿಸಿ ಆಫ್ ಆಗುತ್ತದೆ. ಇಪ್ಪತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್. ಇದರ ಮೇಲೆ ಕಾರ್ಬ್ಯುರೇಟರ್ ಹತ್ತಿರ ಪೆಟ್ರೋಲ್ ವಾಸನೆ, ಒಮ್ಮೊಮ್ಮೆ ಹನಿಯೂ ಬೀಳುತ್ತದೆ. ಪಂಪ್ ಮೇಲೆ ಒತ್ತಡ 6–7 ಪಿಎಸ್‌ಐ ಎಂದಿದೆ. ಇನ್ನೂ ದೊಡ್ಡ ಪಂಪ್ ಹಾಕಲೇ? ಹಳೆಯದಕ್ಕೇ ಮರಳಲೇ? ಆಗಸ್ಟ್‌ನಲ್ಲಿ ಅಪ್ಪ ಬರುತ್ತಾರೆ, ಅವರನ್ನು ಕೂರಿಸಿಕೊಂಡು ಹೋಗಬೇಕೆಂಬ ಆಸೆ.

ಉತ್ತರ: ಹೊಸ ಪಂಪಿಗೆ ದುಡ್ಡು ಹಾಕಬೇಡಿ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಪಂಪ್ ತನ್ನ ಕೆಲಸ ಮಾಡುತ್ತಿದೆ. ಅದನ್ನು ಕೂರಿಸಿದ ಜಾಗ ತಪ್ಪಾಗಿದೆ, ಅದರ ಒತ್ತಡವನ್ನು ಯಾರೂ ತಗ್ಗಿಸುತ್ತಿಲ್ಲ. ನೀವು ಕೇಳದ ಇನ್ನೊಂದು ವಿಷಯವೂ ಇದೆ, ಅದು ವೈರಿಂಗ್. ನನಗೆ ಹೆಚ್ಚು ಭಯ ಇರುವುದು ಅದರ ಬಗ್ಗೆಯೇ. ಅಲ್ಲಿಯವರೆಗೆ ಒಂದು ಮಾತು ನಡೆಸಿಕೊಡಿ: ಹನಿ ಬೀಳುವುದು ನಿಲ್ಲುವ ತನಕ ಕಾರನ್ನು ಸ್ಟಾರ್ಟ್ ಮಾಡಬೇಡಿ. ಬಿಸಿ ಎಂಜಿನ್ ಪಕ್ಕ ಹನಿಯುವ ಪೆಟ್ರೋಲಿನ ವಿಷಯದಲ್ಲಿ "ಸ್ವಲ್ಪವೇ ತಾನೇ" ಎನ್ನುವಂತಿಲ್ಲ.

ಕಿಟ್ ಕಾರ್ ಅಂದರೇನು ಎಂದು ಕೇಳುವ ಓದುಗರಿಗಾಗಿ ಎರಡು ಮಾತು. ಕಾರಿನ ಚಾಸಿ, ಬಾಡಿ, ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುವ ಹವ್ಯಾಸ ಬ್ರಿಟನ್ನಿನಲ್ಲಿ ಹಳೆಯದು. ಕಾಲಿನ್ ಚಾಪ್ಮನ್ ಅವರ ಲೋಟಸ್ ಕಂಪನಿ 1957ರಲ್ಲಿ ಸೆವೆನ್ ಎಂಬ ಹಗುರ ಕಾರನ್ನು ತಂದಿತು. ಕಿಟ್ ಆಗಿ ಕೊಂಡರೆ ಆಗಿನ ಖರೀದಿ ತೆರಿಗೆ ಬೀಳುತ್ತಿರಲಿಲ್ಲ, ಹಾಗಾಗಿ ಮಧ್ಯಮ ವರ್ಗದ ಹುಡುಗರಿಗೂ ಅದು ಎಟುಕಿತು. 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಅದೇ ಅಚ್ಚಿನ ಕಾರುಗಳನ್ನು ಇಂದಿಗೂ ಜನ ಮನೆಯಲ್ಲಿ ಕಟ್ಟುತ್ತಾರೆ. ಕಟ್ಟಿದ ಮೇಲೆ ಒಂದೊಂದು ಕಾರೂ ಐವಿಎ ಎಂಬ ಪ್ರತ್ಯೇಕ ತಪಾಸಣೆಯಲ್ಲಿ ಪಾಸಾಗಬೇಕು. ನಿಮ್ಮದು ಪಾಸಾಗಿದೆ ನಿಜ. ಆದರೆ ಪಾಸಾದ ಕಾರಿನಲ್ಲಿದ್ದದ್ದು ಬೇರೆ ಪಂಪ್, ಬೇರೆ ಕಾರ್ಬ್ಯುರೇಟರ್. ಈಗಿನ ಇಂಧನ ವ್ಯವಸ್ಥೆಗೆ ನೀವೇ ಇನ್ಸ್‌ಪೆಕ್ಟರ್.

ಪಂಪ್ ಬಿಚ್ಚುವ ಮೊದಲು ದುಡ್ಡಿಲ್ಲದ ಒಂದು ಪರೀಕ್ಷೆ ಇದೆ. ಹನಿ ನಿಲ್ಲಿಸಿದ ಮೇಲೆ ಕಾರು ಮತ್ತೆ ಎಲ್ಲಾದರೂ ಆಫ್ ಆದರೆ, ಇಳಿದು ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ ಎಂದು ಗಾಳಿ ಒಳಗೆ ಎಳೆದುಕೊಂಡು, ಕೂಡಲೇ ಕಾರು ಸ್ಟಾರ್ಟ್ ಆದರೆ ತೊಂದರೆ ಇರುವುದು ಟ್ಯಾಂಕಿನ ಗಾಳಿದಾರಿಯಲ್ಲಿ. ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಆ ಸಣ್ಣ ಕೊಳವೆ ಮಡಚಿಕೊಂಡಿದ್ದರೆ, ಬಣ್ಣ ಹೊಡೆಯುವಾಗ ಮುಚ್ಚಿಹೋಗಿದ್ದರೆ ಜಗತ್ತಿನ ಯಾವ ಪಂಪೂ ಅದನ್ನು ಗೆಲ್ಲಲಾರದು. ನಿಮ್ಮ ಕಾರು ಇಪ್ಪತ್ತು ನಿಮಿಷ ತಣ್ಣಗಾದ ಮೇಲೆ ತಾನಾಗಿ ಸರಿಹೋಗುವುದನ್ನು ನೋಡಿದರೆ ನನ್ನ ಅನುಮಾನ ಬಿಸಿಯ ಮೇಲೇ ಇದೆ. ಆದರೂ ಈ ಪರೀಕ್ಷೆಯನ್ನು ಬಿಡಬೇಡಿ.

ಈಗ ಜಾಗದ ವಿಷಯ. ನಮ್ಮ ಕಡೆ ತೆರೆದ ಬಾವಿಗೆ ಮೋಟಾರ್ ಕೂರಿಸುವುದನ್ನು ನೀವು ನೋಡಿಯೇ ಇರುತ್ತೀರಿ. ಬೇಸಿಗೆಯಲ್ಲಿ ನೀರು ತಳಕ್ಕೆ ಹೋದರೆ ದಡದ ಮೇಲಿನ ಮೋಟಾರ್ ಎಷ್ಟು ಕೂಗಿದರೂ ನೀರೆತ್ತುವುದಿಲ್ಲ. ಇಪ್ಪತ್ತೈದು ಅಡಿ ದಾಟಿತೆಂದರೆ ರೈತರು ಹೆಚ್ಚು ಎಚ್‌ಪಿಯ ಮೋಟಾರ್ ತರುವುದಿಲ್ಲ, ಇರುವುದನ್ನೇ ಹಗ್ಗ ಕಟ್ಟಿ ಬಾವಿಯೊಳಗಿನ ಕಟ್ಟೆಗೆ ಇಳಿಸುತ್ತಾರೆ. ಅಲ್ಲಿಂದ ಅದೇ ಮೋಟಾರ್ ಐವತ್ತು ಅಡಿ ಮೇಲಿನ ಗದ್ದೆಗೂ ನೀರು ತಳ್ಳುತ್ತದೆ. ಪಂಪ್ ಎಳೆಯುವಾಗ ನಿಜವಾಗಿ ನೀರನ್ನು ಮೇಲಕ್ಕೆ ಒತ್ತುವುದು ಹೊರಗಿನ ಗಾಳಿ. ಅದಕ್ಕೊಂದು ಮಿತಿ ಇದೆ. ತಳ್ಳುವಾಗ ಮಿತಿ ಪಂಪಿನ ಶಕ್ತಿಯದು ಮಾತ್ರ.

ಪೆಟ್ರೋಲಿನಲ್ಲಿ ಈ ಮಿತಿ ಇನ್ನೂ ಬಿಗಿ, ಏಕೆಂದರೆ ಅದು ಬಹಳ ಬೇಗ ಆವಿಯಾಗುತ್ತದೆ. ಪೆಟ್ರೋಲ್ ಒಂದೇ ದ್ರವವಲ್ಲ, ಹಗುರ ಭಾರ ಅಂಶಗಳ ಮಿಶ್ರಣ. ಅದರ ಹಗುರ ಅಂಶಗಳು ಸುಮಾರು 35–40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯಲು ಶುರುವಾಗುತ್ತವೆ, ಅದೂ ಸಾಮಾನ್ಯ ಒತ್ತಡದಲ್ಲಿ. ಪಂಪ್ ಎಳೆಯುವ ಕಡೆಯ ಕೊಳವೆಯಲ್ಲಿ ಒತ್ತಡ ಅದಕ್ಕಿಂತ ಕಡಿಮೆ ಇರುತ್ತದೆ, ಆದ್ದರಿಂದ ಅಲ್ಲಿ ಇನ್ನೂ ಬೇಗ ಕುದಿಯುತ್ತದೆ. ಅಡುಗೆಮನೆಯ ಕುಕ್ಕರ್ ನೆನಪಿಸಿಕೊಳ್ಳಿ: ಒಳಗೆ ಒತ್ತಡ ಏರಿದ್ದರಿಂದಲೇ ನೀರು 120 ಡಿಗ್ರಿ ಹತ್ತಿರದವರೆಗೂ ನೀರಾಗಿಯೇ ಉಳಿಯುತ್ತದೆ. ನಿಮ್ಮ ಕಾರಿನಲ್ಲಿ ನಡೆಯುತ್ತಿರುವುದು ಕುಕ್ಕರಿನ ತಲೆಕೆಳಗು. ಟ್ಯಾಂಕ್ ಹಿಂದಿನ ಆಕ್ಸಲ್ ಹತ್ತಿರ, ಪಂಪ್ ಮುಂದೆ ಎಂಜಿನ್ ಬಿಸಿಯಲ್ಲಿ, ಟ್ಯಾಂಕಿಗಿಂತ ಎತ್ತರದಲ್ಲಿ. ಹೀಗಾಗಿ ಉದ್ದನೆಯ ಕೊಳವೆಯ ಕೊನೆಯಲ್ಲಿ, ಅತಿ ಬಿಸಿಯಾದ ಜಾಗದಲ್ಲೇ ಒತ್ತಡ ಅತಿ ಕಡಿಮೆ. ಕಾರು ಓಡುವಾಗ ಗಾಳಿ ಬೀಸಿ ತಣ್ಣಗಿಡುತ್ತದೆ, ಟ್ರಾಫಿಕ್‌ನಲ್ಲಿ ನಿಂತ ಕೂಡಲೇ ಬಿಸಿ ಅಲ್ಲೇ ಕೂಡಿಕೊಳ್ಳುತ್ತದೆ. ಪಂಪಿನೊಳಗೆ ಪೆಟ್ರೋಲ್ ಬದಲು ಆವಿ ತುಂಬುತ್ತದೆ. ಒಳಗಿನ ಪಿಸ್ಟನ್ ಆವಿಯನ್ನೇ ಹಿಂಡುತ್ತಾ ಬಿಡುತ್ತಾ ಕೂರುತ್ತದೆ, ಮುಂದಕ್ಕೆ ಏನೂ ಹೋಗುವುದಿಲ್ಲ. ರೈತರ ಮಾತಿನಲ್ಲಿ ಹೇಳುವುದಾದರೆ ಏರ್ ಹಿಡಿದಿದೆ.

ಇದನ್ನು ಕಿವಿಯಿಂದಲೇ ಪತ್ತೆಹಚ್ಚಬಹುದು. ಈ ಟಿಕ್ ಟಿಕ್ ಪಂಪುಗಳು ಪೆಟ್ರೋಲ್ ತುಂಬಿಕೊಂಡು ಒತ್ತಡ ಕಟ್ಟಿದಾಗ ನಿಧಾನವಾಗಿ ಮಿಡಿಯುತ್ತವೆ. ಖಾಲಿ ಇದ್ದಾಗ, ಆವಿ ಹಿಡಿದಾಗ ಪಟಪಟ ಬಡಿದುಕೊಳ್ಳುತ್ತವೆ. ಕಾರು ನಿಂತ ಆ ಗಳಿಗೆಯಲ್ಲಿ ಕೀ ಆನ್ ಇಟ್ಟು ಒಮ್ಮೆ ಕಿವಿಗೊಟ್ಟಿದ್ದರೆ ಪಂಪೇ ನಿಮಗೆ ಉತ್ತರ ಹೇಳುತ್ತಿತ್ತು.

ದೊಡ್ಡ ಪಂಪ್ ಹಾಕಿದರೆ ಅದು ಇನ್ನೂ ಜೋರಾಗಿ ಎಳೆಯುತ್ತದೆ, ಎಳೆದಷ್ಟೂ ಆವಿ ಹೆಚ್ಚು. ರೋಗವೇ ಬೆಳೆಯುತ್ತದೆ. ಬ್ರಿಟನ್ನಿನ ಚಳಿಗಾಲದ ಪೆಟ್ರೋಲ್ ಬೇಸಿಗೆಯದಕ್ಕಿಂತ ಬೇಗ ಆವಿಯಾಗುವಂತೆ ಮಿಶ್ರ ಮಾಡಿದ್ದು, ಚಳಿಯಲ್ಲಿ ಸ್ಟಾರ್ಟ್ ಆಗಲೆಂದು. ಚಳಿಗಾಲದಲ್ಲಿ ತುಂಬಿಸಿದ ಟ್ಯಾಂಕನ್ನು ವಸಂತದ ಮೊದಲ ಬಿಸಿಲಿನ ದಿನ ಓಡಿಸಿದರೆ ಈ ತೊಂದರೆ ಅತಿ ಹೆಚ್ಚು. 2021ರ ಸೆಪ್ಟೆಂಬರಿನಿಂದ ಅಲ್ಲಿನ ಸಾಮಾನ್ಯ ಪೆಟ್ರೋಲ್ ಶೇ 10ರವರೆಗೆ ಎಥನಾಲ್ ಬೆರೆತ ಇ10. ಎಥನಾಲ್ ಕೂಡ ಆವಿಯಾಗುವ ಗುಣವನ್ನು ತುಸು ಹೆಚ್ಚಿಸುತ್ತದೆ.

ಹಾಗಾದರೆ ಪಂಪ್ ಎಲ್ಲಿರಬೇಕು? ಹಿಂದೆ, ಟ್ಯಾಂಕಿನ ಪಕ್ಕ, ಸಾಧ್ಯವಾದರೆ ಟ್ಯಾಂಕಿನ ತಳಕ್ಕಿಂತ ಕೆಳಗೆ. ಪೆಟ್ರೋಲ್ ತಾನಾಗಿ ಇಳಿದು ಪಂಪಿನ ಬಾಯಿಗೆ ಬರಬೇಕು. ಅಲ್ಲಿಂದ ಮುಂದಕ್ಕೆ ಇಡೀ ಕೊಳವೆ ಒತ್ತಡದಲ್ಲಿರುತ್ತದೆ, ಎಂಜಿನ್ ಹತ್ತಿರದ ಬಿಸಿಯಲ್ಲೂ ಪೆಟ್ರೋಲ್ ಸುಲಭಕ್ಕೆ ಕುದಿಯುವುದಿಲ್ಲ. ಅದೇ ಕುಕ್ಕರಿನ ನ್ಯಾಯ, ಈ ಸಲ ನಿಮ್ಮ ಪರವಾಗಿ. ಸೈಲೆನ್ಸರ್ ಇಲ್ಲದ ಬದಿಯನ್ನು ಆರಿಸಿಕೊಳ್ಳಿ. ಹಿಂದಿನ ಚಕ್ರ ಎಸೆಯುವ ಕಲ್ಲು ಬಡಿಯದಂತೆ, ಚಾಸಿಯ ಅತಿ ಕೆಳಗಿನ ಪೈಪಿಗಿಂತ ಮೇಲೆ ಇರಲಿ. ರಸ್ತೆ ಉಬ್ಬಿಗೆ ಮೊದಲು ತಾಗುವುದು ಪಂಪ್ ಆಗಬಾರದು. ಹೊರಬಾಯಿ ಮೇಲ್ಮುಖವಾಗಿರಲಿ, ಒಳಗೆ ಸೇರಿದ ಗುಳ್ಳೆ ತಾನಾಗಿ ಮುಂದೆ ಹೋಗುತ್ತದೆ. ಟ್ಯಾಂಕಿಗೆ ತಳದಲ್ಲಿ ಹೊರದಾರಿ ಇದ್ದರೆ ಅದರ ಬಾಯಲ್ಲೇ ಒಂದು ನಲ್ಲಿ ಹಾಕಿಕೊಳ್ಳಿ. ಇಲ್ಲವಾದರೆ ಮುಂದೆ ಫಿಲ್ಟರ್ ಬದಲಿಸಲು ಹೋಸ್ ಬಿಚ್ಚಿದ ದಿನ ಇಡೀ ಟ್ಯಾಂಕ್ ನೆಲದ ಮೇಲಿರುತ್ತದೆ.

ಪಂಪನ್ನು ರಬ್ಬರ್ ಬುಷ್ ಮೇಲೆ ಕೂರಿಸಬೇಕು, ಇಲ್ಲದಿದ್ದರೆ ಸೆವೆನ್‌ನಂಥ ಕಾರಿನ ಅಲ್ಯೂಮಿನಿಯಂ ತಗಡು ಡೊಳ್ಳಿನಂತೆ ಆ ಸದ್ದನ್ನು ಬೆನ್ನ ಹಿಂದೆ ಬಾರಿಸುತ್ತದೆ. ಆದರೆ ರಬ್ಬರ್ ಹಾಕಿದ ಕೂಡಲೇ ಪಂಪಿನ ಮೈಗೆ ಚಾಸಿಯ ಸಂಪರ್ಕ ತಪ್ಪುತ್ತದೆ, ಅಂದರೆ ಅರ್ಥ್ (ಕರೆಂಟ್ ಮರಳುವ ದಾರಿ) ಇಲ್ಲ. ಪಂಪಿನಿಂದ ಚಾಸಿಯ ಉಜ್ಜಿ ಹೊಳಪು ಮಾಡಿದ ಜಾಗಕ್ಕೆ ಪ್ರತ್ಯೇಕ ಅರ್ಥ್ ವೈರ್ ಎಳೆಯಿರಿ. ಮನೆಯಲ್ಲಿ ಕಟ್ಟಿದ ಕಾರುಗಳಲ್ಲಿ "ಪಂಪ್ ಒಮ್ಮೆ ಓಡುತ್ತದೆ, ಒಮ್ಮೆ ಓಡುವುದಿಲ್ಲ" ಎಂಬ ದೂರು ಬಂದಾಗ ನಾನು ಮೊದಲು ಕೈಹಾಕುವುದು ಈ ವೈರಿಗೆ.

ಎರಡನೆಯ ದೋಷ, ವಾಸನೆ ಮತ್ತು ಹನಿ. ಮನೆಯ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಗೊತ್ತಲ್ಲ? ನೀರು ತುಂಬಿದಂತೆ ಚೆಂಡು ಮೇಲೆದ್ದು ನಲ್ಲಿಯನ್ನು ಮುಚ್ಚುತ್ತದೆ. ನಲ್ಲಿಯಲ್ಲಿ ಒತ್ತಡ ಮಿತಿ ಮೀರಿದ ದಿನ ಚೆಂಡಿನ ಬಲ ಸಾಲದೆ ನೀರು ನುಗ್ಗಿ ಓವರ್‌ಫ್ಲೋ ಆಗುತ್ತದೆ. ಕಾರ್ಬ್ಯುರೇಟರಿನೊಳಗಿನ ಫ್ಲೋಟ್ ಮತ್ತು ನೀಡಲ್ ವಾಲ್ವ್ ಇದೇ ಏರ್ಪಾಡು. ವೆಬರ್ 40ಕ್ಕೆ ಬೇಕಾದ್ದು 2.5ರಿಂದ 3.5 ಪಿಎಸ್‌ಐ, ಟೈರ್ ಅಂಗಡಿಯ ಭಾಷೆಯಲ್ಲಿ ಮೂರು ಪೌಂಡ್ ಆಸುಪಾಸು. ನಿಮ್ಮ ಪಂಪ್ ಕೊಡುವುದು ಅದರ ಎರಡರಷ್ಟು. ನೀಡಲ್ ಸರಿಯಾಗಿಯೇ ಇದೆ, ಅದರ ಮೇಲೆ ಹೊರಿಸಿದ ಭಾರ ಜಾಸ್ತಿ.

ಪಂಪ್ ಮತ್ತು ಕಾರ್ಬ್ಯುರೇಟರ್ ನಡುವೆ ಒತ್ತಡ ತಗ್ಗಿಸುವ ಪ್ರೆಶರ್ ರೆಗ್ಯುಲೇಟರ್ ಹಾಕಿ. ಗಾಜಿನ ಬಟ್ಟಲಿನಲ್ಲಿ ಫಿಲ್ಟರೂ ಸೇರಿ ಬರುವ ರೆಗ್ಯುಲೇಟರ್‌ಗಳು ಅಲ್ಲಿ ಸುಲಭವಾಗಿ ಸಿಗುತ್ತವೆ. ಅದರ ಮುಂದೆ ಒತ್ತಡ ಅಳೆಯುವ ಒಂದು ಮೀಟರ್ ಜೋಡಿಸಿ, ಎಂಜಿನ್ ಐಡಲ್‌ನಲ್ಲಿರುವಾಗ 3 ಪಿಎಸ್‌ಐಗೆ ಹೊಂದಿಸಿ. ಮೀಟರ್ ಇಲ್ಲದೆ ಸ್ಕ್ರೂ ತಿರುಗಿಸಿ ಅಂದಾಜಿನಲ್ಲಿ ಬಿಡಬೇಡಿ. ಪಂಪನ್ನು ಕೆಳಗೆ ಹಿಂದಕ್ಕೆ ಇಳಿಸಿದರೆ ಒತ್ತಡ ಸಾಲದೆ ಹೋದೀತೇ ಎಂಬ ಅಳುಕು ಬೇಡ. ಪೆಟ್ರೋಲನ್ನು ಒಂದು ಮೀಟರ್ ಎತ್ತರಕ್ಕೆ ಏರಿಸಲು ಖರ್ಚಾಗುವುದು ಸುಮಾರು 1 ಪಿಎಸ್‌ಐ. ನಿಮ್ಮ ಕಾರಿನಲ್ಲಿ ಪಂಪಿನಿಂದ ಕಾರ್ಬ್ಯುರೇಟರಿಗೆ ಅದರ ಅರ್ಧದಷ್ಟು ಎತ್ತರವೂ ಇರಲಾರದು.

ಒತ್ತಡ ಬೇರೆ, ಪ್ರಮಾಣ ಬೇರೆ. ನಿಮ್ಮ ಎಂಜಿನ್ ಈ ಎರಡು ಕಾರ್ಬ್ಯುರೇಟರ್‌ಗಳೊಂದಿಗೆ 100 ಎಚ್‌ಪಿ ಕೊಟ್ಟರೆ, ಪೂರ್ತಿ ಕಾಲೊತ್ತಿದಾಗ ಗಂಟೆಗೆ 30–35 ಲೀಟರ್ ಕುಡಿಯುತ್ತದೆ. ಎಂದರೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ತುಸು ಹೆಚ್ಚು. ಎಲ್ಲ ಜೋಡಿಸಿದ ಮೇಲೆ, ಎಂಜಿನ್ ತಣ್ಣಗಿರುವಾಗ, ಕಾರ್ಬ್ಯುರೇಟರ್ ಕಡೆಯ ಹೋಸ್ ಬಿಚ್ಚಿ ಅಳತೆ ಗುರುತಿರುವ ಲೋಹದ ಪಾತ್ರೆಗೆ ಬಿಡಿ. ಪಂಪಿಗೆ ಮಾತ್ರ ಕರೆಂಟ್ ಕೊಟ್ಟು ಒಂದು ನಿಮಿಷ ಓಡಿಸಿ. ಒಂದು ಲೀಟರ್ ಅಥವಾ ಹೆಚ್ಚು ಬಿದ್ದರೆ ನಿಶ್ಚಿಂತೆ. ಕಡಿಮೆ ಬಿದ್ದರೂ ಪಂಪನ್ನು ಬಯ್ಯುವ ಮೊದಲು ಓಡುತ್ತಿರುವಾಗಲೇ ಅದರ ತುದಿಗಳಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯಲ್ಲಿ 12.5 ಇದ್ದು ಪಂಪಿನಲ್ಲಿ 10.5 ಇದ್ದರೆ ವೈರ್ ಸಣ್ಣದು ಅಥವಾ ಜೋಡಣೆ ಸಡಿಲ.

ಇನ್ನು ವೈರಿಂಗ್. ಇಗ್ನಿಷನ್ ಕೀಯಿಂದ ನೇರ ಪಂಪಿಗೆ ವೈರ್ ಕೊಟ್ಟಿರುತ್ತೀರಿ ಎಂದುಕೊಳ್ಳುತ್ತೇನೆ, ಏಕೆಂದರೆ ಹತ್ತರಲ್ಲಿ ಎಂಟು ಜನ ಮಾಡುವುದು ಅದನ್ನೇ. ಹಾಗೆ ಮಾಡಿದರೆ ಕೀ ಆನ್ ಇರುವವರೆಗೂ ಪಂಪ್ ಓಡುತ್ತದೆ, ಎಂಜಿನ್ ನಿಂತಿರಲಿ ಓಡಲಿ. ನಿಮ್ಮ ಹಳೆಯ ಮೆಕ್ಯಾನಿಕಲ್ ಪಂಪಿನಲ್ಲಿ ಈ ಅಪಾಯ ಇರಲಿಲ್ಲ: ಕ್ಯಾಮ್‌ಶಾಫ್ಟ್ ತಿರುಗಿದರೆ ಮಾತ್ರ ಅದರ ತೋಳು ಆಡುತ್ತಿತ್ತು, ಎಂಜಿನ್ ನಿಂತರೆ ಪಂಪೂ ನಿಲ್ಲುತ್ತಿತ್ತು. ಆ ಒಳ್ಳೆಯ ಗುಣವನ್ನು ನೀವು ಬಿಚ್ಚಿ ಪಕ್ಕಕ್ಕಿಟ್ಟಿದ್ದೀರಿ, ಈಗ ಅದನ್ನು ವೈರಿಂಗ್ ಮೂಲಕ ಮರಳಿ ತರಬೇಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಬೆಂಗಳೂರಿನಲ್ಲಿ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಂದು ವರ್ಕ್‌ಶಾಪಿಗೆ ಹೀಗೆಯೇ ವೈರಿಂಗ್ ಮಾಡಿದ ಹಳೆಯ ಕಾರು ಬಂದಿತ್ತು. ಎಂಜಿನ್ ಆಫ್ ಆಯಿತು, ಕೀ ಆನ್ ಇಟ್ಟೇ ಎಲ್ಲರೂ ಊಟಕ್ಕೆ ಹೋದೆವು. ಕಸ ಸಿಕ್ಕಿ ನೀಡಲ್ ವಾಲ್ವ್ ತೆರೆದೇ ಇತ್ತು. ಅರ್ಧ ಗಂಟೆಯಲ್ಲಿ ಪೆಟ್ರೋಲ್ ಕಾರ್ಬ್ಯುರೇಟರ್ ತುಂಬಿ, ಅಲ್ಲಿಂದ ಸಿಲಿಂಡರಿಗೆ ಇಳಿದು, ಆಯಿಲ್ ಜೊತೆ ಬೆರೆತು, ಉಳಿದದ್ದು ನೆಲಕ್ಕೆ ಹರಿದಿತ್ತು. ವಾಪಸ್ ಬಂದವರಲ್ಲಿ ಒಬ್ಬರಿಗೆ ವಾಸನೆ ತಿಳಿದು, ಯಾವ ಸ್ವಿಚ್ಚನ್ನೂ ಮುಟ್ಟಬೇಡಿ ಎಂದು ಕೂಗಿ ಎಲ್ಲರನ್ನೂ ಹೊರಗೆ ತಡೆದರು. ಹತ್ತಡಿ ದೂರದಲ್ಲಿ ವೆಲ್ಡಿಂಗ್ ನಡೆಯುವ ಜಾಗವಿತ್ತು. ಆ ವಾಸನೆ ನನಗೆ ಇಂದಿಗೂ ನೆನಪಿದೆ.

ನೀವು ಮಾಡಬೇಕಾದ್ದು ಹೀಗೆ. ಬ್ಯಾಟರಿಯಿಂದ ಫ್ಯೂಸ್ ಮೂಲಕ ರಿಲೇಯ (ಸಣ್ಣ ಕರೆಂಟಿನಿಂದ ಆನ್ ಆಗುವ ಸ್ವಿಚ್) 30ನೇ ಕಾಲಿಗೆ, 87ನೇ ಕಾಲಿನಿಂದ ಪಂಪಿಗೆ. ನಿಮ್ಮಲ್ಲಿರುವ ಬಗೆಯ ಪಂಪ್ ಎಳೆಯುವುದು ಒಂದೆರಡು ಆಂಪಿಯರ್ ಅಷ್ಟೇ, 5 ಆಂಪಿಯರ್ ಫ್ಯೂಸ್ ಧಾರಾಳ. 85 ಮತ್ತು 86 ರಿಲೇಯನ್ನು ಎಬ್ಬಿಸುವ ಕಾಲುಗಳು. ಇಲ್ಲೇ ಜಾಣತನ ಬೇಕು. ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ನ ಮಿಡಿತ ನೋಡಿಕೊಂಡು, ಎಂಜಿನ್ ತಿರುಗುತ್ತಿದ್ದರೆ ಮಾತ್ರ ಪಂಪಿಗೆ ಕರೆಂಟ್ ಬಿಡುವ ಟ್ಯಾಕೊಮೆಟ್ರಿಕ್ ರಿಲೇ ಎಂಬುದೊಂದು ಸಿಗುತ್ತದೆ. ನನ್ನ ಮೊದಲ ಆಯ್ಕೆ ಅದು. ಆಯಿಲ್ ಪ್ರೆಶರ್ ಸ್ವಿಚ್ ಬಳಸುವವರೂ ಇದ್ದಾರೆ, ಆದರೆ ಡ್ಯಾಶ್‌ಬೋರ್ಡಿನ ಕೆಂಪು ದೀಪದ ಸ್ವಿಚ್ ಇದಕ್ಕೆ ಆಗುವುದಿಲ್ಲ. ಅದು ಒತ್ತಡ ಇಲ್ಲದಾಗ ಕೂಡಿಕೊಳ್ಳುವಂಥದ್ದು, ನಮಗೆ ಬೇಕಾದ್ದು ಅದರ ವಿರುದ್ಧ.

ಅದರ ಜೊತೆಗೆ ಇನರ್ಷಿಯಾ ಸ್ವಿಚ್. ಕಾರು ಯಾವುದಕ್ಕಾದರೂ ಗುದ್ದಿದರೆ ಒಳಗಿನ ಗುಂಡು ಜಿಗಿದು ಪಂಪಿನ ಕರೆಂಟ್ ಕತ್ತರಿಸುತ್ತದೆ. ಫೋರ್ಡ್‌ನ ಅನೇಕ ಹಳೆಯ ಕಾರುಗಳಲ್ಲಿ ಇದು ಇರುತ್ತಿತ್ತು, ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ನೆಟ್ಟಗೆ, ಚಾಸಿಗೇ ಗಟ್ಟಿಯಾಗಿ, ರಬ್ಬರ್ ಇಲ್ಲದೆ ಬಿಗಿಯಿರಿ. ಮೇಲಿನ ರೀಸೆಟ್ ಗುಂಡಿ ಸೀಟಿನಿಂದ ಕೈಗೆ ಎಟುಕಲಿ. ನಿಮ್ಮ ಕಾರಿಗೆ ಏರ್‌ಬ್ಯಾಗ್ ಇಲ್ಲ, ಬಾಗಿಲೂ ಇಲ್ಲದಿರಬಹುದು, ಇಷ್ಟನ್ನಾದರೂ ಹಾಕಿ.

ಕೊಳವೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಚಾಸಿಯ ಉದ್ದಕ್ಕೂ 8 ಮಿಲಿಮೀಟರಿನ ಲೋಹದ ಪೈಪ್ ಇರಲಿ, ತಾಮ್ರ-ನಿಕಲ್ ಮಿಶ್ರಲೋಹದ್ದಾದರೆ ಒಳ್ಳೆಯದು. ಬರಿ ತಾಮ್ರ ಅದುರಿ ಅದುರಿ ಗಡುಸಾಗಿ ಬಿರುಕು ಬಿಡುತ್ತದೆ. ಒಂದೊಂದು ಅಡಿಗೂ ರಬ್ಬರ್ ಹೊದಿಕೆಯ ಕ್ಲಿಪ್ ಹಾಕಿ. ಹೋಸ್ ಕೂರುವ ತುದಿಯಲ್ಲಿ ಉಬ್ಬು ಮಾಡಿಸಿ, ನುಣುಪು ಪೈಪಿನ ಮೇಲಿನ ಹೋಸ್ ಒಂದು ದಿನ ಜಾರಿ ಬರುತ್ತದೆ. ರಬ್ಬರ್ ಹೋಸ್ ಆದಷ್ಟು ಕಡಿಮೆ ಇರಲಿ, ಅದರ ಮೈಮೇಲೆ ಎಸ್‌ಎಇ ಜೆ30 ಆರ್9 ಎಂಬ ಗುಣಮಟ್ಟದ ಗುರುತು ಅಚ್ಚಾಗಿರಲಿ. ಹಳೆಯ ಬಗೆಯ ರಬ್ಬರನ್ನು ಎಥನಾಲ್ ಒಳಗಿನಿಂದ ತಿನ್ನುತ್ತದೆ. ಇದು ನಮ್ಮ ಊರಿನವರಿಗೂ ಸಂಬಂಧಪಟ್ಟ ಮಾತು: ಶೇ 20 ಎಥನಾಲಿನ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ನನ್ನ ಹಳೆಯ ಸ್ಕೂಟರಿನ ಪೆಟ್ರೋಲ್ ಹೋಸ್ ಬೆರಳಲ್ಲಿ ಹಿಚುಕಿದರೆ ಪುಡಿಯಾಗುವಂತೆ ಆದದ್ದನ್ನು ನೋಡಿ ಅದನ್ನು ಬದಲಿಸಿದೆ. ನಿಮ್ಮ ತಂದೆಯವರ ಬಳಿ ಹಳೆಯ ಗಾಡಿ ಇದ್ದರೆ ಅವರಿಗೂ ಹೇಳಿ.

ಪಂಪಿನ ಹಿಂದೆ ಒರಟು ಜಾಲರಿಯ ಫಿಲ್ಟರ್, ಪಂಪಿನ ಮುಂದೆ ನಯವಾದ ಫಿಲ್ಟರ್. ಉಲ್ಟಾ ಹಾಕಿದರೆ ನಯವಾದದ್ದು ಕಟ್ಟಿಕೊಂಡು ಮತ್ತೆ ಅದೇ ಎಳೆತದ ತೊಂದರೆ. ನಿಮ್ಮ ಟ್ಯಾಂಕ್ ಹೊಸ ಅಲ್ಯೂಮಿನಿಯಂ ಆಗಿದ್ದರೆ ಒಳಗೆ ವೆಲ್ಡಿಂಗ್ ಚೂರು ಉಳಿದಿರುತ್ತದೆ. ಹೇಗೂ ಖಾಲಿ ಮಾಡುತ್ತೀರಿ, ಒಮ್ಮೆ ಪೆಟ್ರೋಲಿನಲ್ಲೇ ಅಲುಗಾಡಿಸಿ ತೊಳೆದುಬಿಡಿ.

ಕೆಲಸವನ್ನು ಗ್ಯಾರೇಜಿನೊಳಗೆ ಮಾಡಬೇಡಿ. ಅಲ್ಲಿನ ಎಷ್ಟೋ ಮನೆಗಳಲ್ಲಿ ಬಿಸಿನೀರಿನ ಬಾಯ್ಲರ್, ಫ್ರೀಜರ್ ಗ್ಯಾರೇಜಿನಲ್ಲೇ ಇರುತ್ತವೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಹೋಗಿ ಕಿಡಿಯನ್ನು ಹುಡುಕಿಕೊಳ್ಳುತ್ತದೆ. ಕಾರನ್ನು ಹೊರಗೆ ತಳ್ಳಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಫೋಮ್ ಅಥವಾ ಡ್ರೈ ಪೌಡರ್ ಅಗ್ನಿಶಾಮಕ ಪಕ್ಕದಲ್ಲಿಟ್ಟುಕೊಳ್ಳಿ. ತೆಗೆದ ಪೆಟ್ರೋಲಿಗೆ ಅದಕ್ಕೆಂದೇ ಮಾಡಿದ ಕ್ಯಾನ್ ಬಳಸಿ. ಪ್ಲಾಸ್ಟಿಕ್ ಕ್ಯಾನ್ 10 ಲೀಟರ್, ಲೋಹದ್ದು 20 ಲೀಟರ್ ದಾಟುವಂತಿಲ್ಲ, ಮನೆಯಲ್ಲಿ ತಿಳಿಸದೆ ಇಡಬಹುದಾದ್ದು ಒಟ್ಟು 30 ಲೀಟರ್ ಎಂಬುದು ಅಲ್ಲಿನ ನಿಯಮ.

ಹಳೆಯ ಪಂಪಿಗೇ ಮರಳಲೇ ಎಂದಿರಿ. ಅದೂ ಎಳೆಯುವ ಪಂಪೇ, ಆದರೆ ಈ ಎಂಜಿನ್‌ಗೆಂದೇ ಮಾಡಿದ್ದು. ಎಂಜಿನ್ ಹೆಚ್ಚು ಹುರುಪುಗೊಳಿಸದೆ ಇದ್ದರೆ ಅದು ಸಾಕಾಗಲೂಬಹುದು, ಮತ್ತೆ ಹಾಕಿದವರನ್ನು ನಾನು ತಪ್ಪು ಎನ್ನುವುದಿಲ್ಲ. ಆದರೆ ಎರಡು ವೆಬರ್ ಹಾಕಿ ಪೂರ್ತಿ ಕಾಲೊತ್ತುವ ಮನಸ್ಸಿದ್ದರೆ ಹಿಂದೆ ಕೂರಿಸಿದ ಎಲೆಕ್ಟ್ರಿಕ್ ಪಂಪ್, ಮುಂದೆ ರೆಗ್ಯುಲೇಟರ್, ಇದೇ ನನ್ನ ಸಲಹೆ. ಹಳೆಯ ಪಂಪ್ ತೆಗೆದ ತೂತಿಗೆ ಮುಚ್ಚುವ ತಗಡು ಮತ್ತು ಗ್ಯಾಸ್ಕೆಟ್ ಹಾಕಿದ್ದೀರಿ ತಾನೇ? ಅಲ್ಲಿಂದ ಆಯಿಲ್ ಸೋರುವುದನ್ನೂ ನೋಡಿಕೊಳ್ಳಿ.

ಎಲ್ಲ ಮುಗಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಪಂಪ್ ಮಾತ್ರ ಓಡಿಸಿ, ಒಂದೊಂದು ಜೋಡಣೆಯನ್ನೂ ಬಿಳಿ ಪೇಪರಿನಿಂದ ಒರೆಸಿ ನೋಡಿ. ಕಣ್ಣಿಗೆ ಕಾಣದ ಸೋರಿಕೆ ಪೇಪರಿನ ಮೇಲೆ ಕಲೆಯಾಗಿ ಕಾಣುತ್ತದೆ. ಮೊದಲ ಇಪ್ಪತ್ತು ಮೈಲಿ ಒಬ್ಬರೇ ಓಡಿಸಿ, ಬೇಕೆಂದೇ ಟ್ರಾಫಿಕ್ ಇರುವ ಕಡೆ ಹೋಗಿ ನಿಲ್ಲಿಸಿ. ವಾಪಸ್ ಬಂದು ಎಲ್ಲ ಕ್ಲಿಪ್ ಮತ್ತೆ ಬಿಗಿಯಿರಿ, ರಬ್ಬರ್ ಬಿಸಿಯಾಗಿ ತಣ್ಣಗಾದ ಮೇಲೆ ತುಸು ಕುಗ್ಗಿರುತ್ತದೆ. ನೂರು ಮೈಲಿಯಾದ ಮೇಲೆ ಇನ್ನೊಮ್ಮೆ ಪೇಪರ್ ಹಿಡಿಯಿರಿ. ಪೇಪರ್ ಒಣಗಿಯೇ ಇದ್ದರೆ ಆಗಸ್ಟಿನಲ್ಲಿ ತಂದೆಯವರನ್ನು ಕೂರಿಸಿಕೊಳ್ಳಿ. ಪೆಟ್ರೋಲ್ ಪೈಪ್ ಯಾವ ಕಡೆಯಿಂದ ಹಾಯಿಸುತ್ತೀರೋ ನೋಡಿಕೊಳ್ಳಿ, ಅವರ ಕಾಲಿಗೆ ತಾಗುವ ಜಾಗದಲ್ಲಿ ಮಾತ್ರ ಬೇಡ.